ಮುಖಕ್ಕೆ ಬೀಸುವ ಗಾಳಿ ಯಾರ ಕೈಯಲ್ಲಿರಬೇಕು?

ಅಲ್ಲಾ ಸ್ವಾಮಿ, ಒಂದು ಸಣ್ಣ ಪ್ರಶ್ನೆ. ಕಾರಿನಲ್ಲಿ ಕೂತಿದ್ದೀರಿ. ಏಸಿಯ ತಣ್ಣನೆ ಗಾಳಿ ನೇರ ಮುಖಕ್ಕೆ ಬಡಿಯುತ್ತಿದೆ. ಏನು ಮಾಡುತ್ತೀರಿ? ಕೈ ಚಾಚಿ, ಆ ಜಾಲರಿಯ ನಡುವೆ ಇರುವ ಪುಟ್ಟ ಹಿಡಿಕೆಯನ್ನು ಪಕ್ಕಕ್ಕೆ ತಳ್ಳುತ್ತೀರಿ. ಅಷ್ಟೇ ತಾನೆ? ಇದಕ್ಕೆ ಓದು ಬೇಡ, ಇಂಗ್ಲಿಷ್ ಬೇಡ, ಕನ್ನಡಕವೂ ಬೇಡ. ಊರಿಂದ ಬಂದ ಅಜ್ಜಿಯೂ ಮಾಡುತ್ತಾಳೆ, ಮೂರು ವರ್ಷದ ಮಗುವೂ ಮಾಡುತ್ತದೆ (ಮಾಡಿ ಮಾಡಿ ಮುರಿದೂ ಹಾಕುತ್ತದೆ, ಅದು ಬೇರೆ ಮಾತು!).

ಈ ಕೆಲಸ ಇನ್ನು ಮುಂದೆ ನಿಮ್ಮದಲ್ಲವಂತೆ. ಹೊಸ ಕಾಲದ ಕಾರುಗಳಲ್ಲಿ ಹಿಡಿಕೆಯೇ ಇರುವುದಿಲ್ಲವಂತೆ. ಗಾಳಿ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದನ್ನು ಮಧ್ಯದ ಟಚ್‌ಸ್ಕ್ರೀನಿನಲ್ಲಿ ಒಂದು ಚಿತ್ರ ಹುಡುಕಿ, ಅದರ ಮೇಲೆ ಬೆರಳು ಎಳೆದು ತಿಳಿಸಬೇಕಂತೆ. ಇದನ್ನು ಪ್ರಗತಿ ಅನ್ನುತ್ತಾರೆ. ನಾನು ಇದನ್ನು ಮೂರ್ಖತನ ಅನ್ನುತ್ತೇನೆ. ಯಾಕೆ ಅನ್ನುತ್ತೇನೆ ಅಂತ ಹೇಳುವುದಕ್ಕೇ ಇವತ್ತು ಬರೆಯಲು ಕೂತಿದ್ದು. ಸ್ವಲ್ಪ ಉದ್ದವಾದರೆ ಕ್ಷಮಿಸಿ, ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಬಹಳ ದಿನ ಆಯ್ತು.

ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು. ಇಲ್ಲದಿದ್ದರೆ "ಏಸಿ ಗಾಳಿಗೆ ಇಷ್ಟು ರಾಮಾಯಣವೇ" ಅಂತ ನಗುತ್ತೀರಿ. ಅವಳಿಗೆ ಆರು ವರ್ಷದಿಂದ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ತೊಂದರೆ ಇದೆ. ಮುಖದ ಸಂವೇದನೆಯನ್ನು ಮೆದುಳಿಗೆ ಒಯ್ಯುವ ನರದ ನೋವು ಅದು. ದಿನವಿಡೀ ಇರುವುದಿಲ್ಲ. ಬಂದರೆ ಮಾತ್ರ ಕೆನ್ನೆಗೆ ಕರೆಂಟ್ ಹೊಡೆದ ಹಾಗೆ ಬರುತ್ತದೆ. ಕೆಲವೇ ಸೆಕೆಂಡು, ಆದರೆ ಆ ಸೆಕೆಂಡುಗಳಲ್ಲಿ ಎದುರಿಗೆ ಕೂತವರಿಗೆ ನೋಡಲಾಗುವುದಿಲ್ಲ. ಐವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಮಾತ್ರೆ ಇದೆ, ತೆಗೆದುಕೊಳ್ಳುತ್ತಾಳೆ, ಬಹಳಷ್ಟು ಹತೋಟಿಯಲ್ಲಿದೆ. ಆದರೆ ನೋವನ್ನು ಎಬ್ಬಿಸುವುದಕ್ಕೆ ದೊಡ್ಡ ಕಾರಣ ಏನೂ ಬೇಡ. ಹಲ್ಲುಜ್ಜುವುದು ಸಾಕು, ಅನ್ನ ಅಗಿಯುವುದು ಸಾಕು, ಮಾತಾಡುವುದು ಸಾಕು. ಮುಖದ ಮೇಲೆ ತಣ್ಣನೆಯ ಗಾಳಿ ಸೋಕಿದರೂ ಸಾಕು. ಹಾಗಾಗಿ ನಮ್ಮ ಮನೆಯಲ್ಲಿ ಫ್ಯಾನು ಯಾವ ದಿಕ್ಕಿಗೆ ತಿರುಗಿದೆ ಎಂಬುದು ಚಿಲ್ಲರೆ ವಿಷಯ ಅಲ್ಲ.

ಕಳೆದ ಅಕ್ಟೋಬರಿನಲ್ಲಿ ಪುಣೆಯಲ್ಲಿ ಒಂದು ಗೃಹಪ್ರವೇಶ. ಅವಳ ತಮ್ಮ ಹೊಸದಾಗಿ ಕಾರು ಕೊಂಡಿದ್ದ. ಕಂಪನಿಯ ಹೆಸರು ಬೇಡ ಬಿಡಿ, ದುಬಾರಿ ಗಾಡಿ ಅಂದರೆ ಸಾಕು. "ಅಕ್ಕ ಮುಂದೆ ಕೂರಲಿ" ಅಂದ. ಸರಿ, ಬೆಳಿಗ್ಗೆ ಮುಲುಂಡಿನಿಂದ ಹೊರಟು, ಐರೋಲಿ ಸೇತುವೆ ದಾಟಿ, ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದೆವು. ಅಕ್ಟೋಬರ್ ಬಿಸಿಲು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಏಸಿ ಜೋರಾಗಿಯೇ ಇತ್ತು. ಪನವೇಲ್ ದಾಟುತ್ತಿದ್ದಂತೆ ಇವಳು ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ ಎದುರಿನ ಡ್ಯಾಶ್‌ಬೋರ್ಡನ್ನು ತಡಕಾಡುತ್ತಿದ್ದಳು. ಹಿಡಿಕೆ ಹುಡುಕುತ್ತಿದ್ದಳು, ಪಾಪ. ಅಲ್ಲಿ ಹಿಡಿಕೆಯೇ ಇರಲಿಲ್ಲ! ಈ ತುದಿಯಿಂದ ಆ ತುದಿಗೆ ಒಂದು ತೆಳ್ಳನೆಯ ಸೀಳು, ಅಷ್ಟೇ. ಗಾಳಿ ಅದರೊಳಗಿಂದ ಬರುತ್ತಿತ್ತು.

"ಗಾಳಿ ಆಚೆ ಮಾಡೋ" ಅಂದಳು. ಅವನಿಗೆ ಅಕ್ಕನ ಕಷ್ಟ ಗೊತ್ತು. ಕೂಡಲೇ ಸ್ಕ್ರೀನಿಗೆ ಬೆರಳಿಟ್ಟ. ಫ್ಯಾನಿನ ಚಿತ್ರ ಒತ್ತಿದ, ಒಂದು ಪುಟ ತೆರೆಯಿತು. ಅಲ್ಲಿಂದ ಇನ್ನೊಂದು ಪುಟ. ಅಲ್ಲಿ ಎರಡು ಸೀಟಿನ ಚಿತ್ರ, ನೀಲಿ ಬಣ್ಣದ ಗಾಳಿಯ ಚಿತ್ರ. ಆ ನೀಲಿಯನ್ನು ಬೆರಳಿನಿಂದ ಎಳೆಯಬೇಕು. ಗಾಡಿ ಅಲುಗುತ್ತಿತ್ತು, ಬೆರಳು ಜಾರಿತು, ಗಾಳಿ ಇನ್ನಷ್ಟು ಮೇಲೆ ಬಂತು. ಮತ್ತೆ ಎಳೆದ. ನಾನು ಹಿಂದಿನ ಸೀಟಿನಲ್ಲಿ ಕೂತು ಅವನ ಬೆರಳನ್ನೇ ನೋಡುತ್ತಿದ್ದೆ. ತಲೆ ಎತ್ತಿದಾಗ ಎದುರಿಗೆ ಒಂದು ಟ್ಯಾಂಕರಿನ ಬೆನ್ನು! ನಾನು ಕೂಗಿದೆನೋ, ಗಾಡಿಯೇ ಕೂಗಿತೋ ಗೊತ್ತಿಲ್ಲ. ಅವನು ಬ್ರೇಕ್ ಒತ್ತಿದ. ಮುಂದಿನ ನಾಲ್ಕೈದು ಕಿಲೋಮೀಟರ್, ಭಾತಾಣ್ ಸುರಂಗ ಕಳೆಯುವವರೆಗೆ, ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ನಾನು ಬಿ.ಕಾಂ. ಮನುಷ್ಯ, ಲೆಕ್ಕ ಹಾಕದೆ ಇರಲಾರೆ. ಆಗ ವೇಗ ಗಂಟೆಗೆ 90 ಕಿಲೋಮೀಟರ್. ಅಂದರೆ ಸೆಕೆಂಡಿಗೆ 25 ಮೀಟರ್. ಅವನು ರಸ್ತೆ ಬಿಟ್ಟು ಸ್ಕ್ರೀನ್ ನೋಡಿದ್ದು ಬರೀ ಆರು ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. 150 ಮೀಟರ್! ನಮ್ಮ ಊರಿನ ಪೇಟೆ ಬೀದಿ ಅಷ್ಟು ಉದ್ದ ಇಲ್ಲ. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಅವನದೇನೂ ತಪ್ಪಿಲ್ಲ, ಅಕ್ಕನ ನೋವು ನೋಡಲಾರದೆ ಮಾಡಿದ.

ಮುಂದೆ ಫುಡ್‌ಮಾಲಿನಲ್ಲಿ ನಿಲ್ಲಿಸಿ ಗಾಳಿಯನ್ನು ಸರಿ ಮಾಡಿದ. ಚಹಾ ಕುಡಿದು ಬಂದು ಗಾಡಿ ಶುರು ಮಾಡಿದರೆ ಅದು ಮತ್ತೆ ತನ್ನ ಹಳೇ ಲೆಕ್ಕಕ್ಕೇ ಹೋಗಿತ್ತು. ಕೊನೆಗೆ ಇವಳು ಒಂದು ಕರ್ಚೀಫನ್ನು ಮಡಿಚಿ ಆ ಸೀಳಿನೊಳಗೆ ತುರುಕಿದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಮುಂಬಯಿಯಿಂದ ಕುಮಟಾಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ ತಲೆಯ ಮೇಲಿನ ಏಸಿಯ ತಿರುಗಣೆ ಮುರಿದಿದ್ದರೆ ನಾವು ಪೇಪರ್ ತುರುಕುತ್ತೇವಲ್ಲ, ಥೇಟ್ ಹಾಗೆ. ಬಸ್ಸಿನಲ್ಲಿ ಅದು ಮುರಿದು ಹೋಗಿರುತ್ತದೆ. ಇಲ್ಲಿ ಅಷ್ಟು ಲಕ್ಷ ಕೊಟ್ಟು ಇಲ್ಲದ್ದನ್ನೇ ಕೊಂಡದ್ದು!

ಇರಲಿ. ಈಗ ವಿಷಯಕ್ಕೆ ಬರೋಣ.

ಕಾರಿನ ಗಾಳಿ ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ನೋಡಿ. ಡ್ಯಾಶ್‌ಬೋರ್ಡಿನ ಒಳಗೆ ಒಂದು ದೊಡ್ಡ ಫ್ಯಾನು. ಅದು ಹೊರಗಿನ ಗಾಳಿಯನ್ನೋ ಒಳಗಿನ ಗಾಳಿಯನ್ನೋ ಎಳೆದು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುತ್ತದೆ. ಅಲ್ಲಿ ಗಾಳಿ ತಂಪಾಗುವುದಷ್ಟೇ ಅಲ್ಲ, ಅದರ ತೇವವೂ ನೀರಾಗಿ ಇಳಿದು ಹೋಗುತ್ತದೆ. ಏಸಿ ಹಾಕಿದ ಗಾಡಿಯ ಕೆಳಗೆ ತೊಟ್ಟಿಕ್ಕುವ ನೀರು ಅದೇ. ಮುಂದೆ ಬಿಸಿ ಗಾಳಿ, ತಣ್ಣನೆ ಗಾಳಿ ಎಷ್ಟೆಷ್ಟು ಬೆರೆಯಬೇಕು ಎಂದು ನೋಡುವ ಒಂದು ಬಾಗಿಲು. ಆಮೇಲೆ ಗಾಜಿಗೋ, ಮುಖಕ್ಕೋ, ಕಾಲಿಗೋ ಎಂದು ಹಂಚುವ ಇನ್ನೆರಡು ಬಾಗಿಲು. ಇವನ್ನೆಲ್ಲ ಹಿಂದೆ ತಂತಿ ಎಳೆದು ತಿರುಗಿಸುತ್ತಿದ್ದರು, ಈಗ ಸಣ್ಣ ಮೋಟರುಗಳು ತಿರುಗಿಸುತ್ತವೆ. ಇದರ ಬಗ್ಗೆ ನನ್ನ ತಕರಾರಿಲ್ಲ. ಆಗಲಿ, ಒಳ್ಳೆಯದೇ.

ಆದರೆ ಈ ದಾರಿಯ ಕೊನೆಯಲ್ಲಿ, ಗಾಳಿ ಮನುಷ್ಯನನ್ನು ಮುಟ್ಟುವ ಜಾಗದಲ್ಲಿ, ಆ ಜಾಲರಿ ಇದೆ ನೋಡಿ, ಅದರ ವಿಚಾರ ಬೇರೆ. ಗಾಡಿ ಎಷ್ಟು ತಂಪಾಗಬೇಕು ಅನ್ನುವುದು ಎಲ್ಲರಿಗೂ ಸೇರಿದ ತೀರ್ಮಾನ. ನನ್ನ ಮುಖಕ್ಕೆ ಗಾಳಿ ಬಡಿಯಬೇಕೋ ಬೇಡವೋ ಅನ್ನುವುದು ನನ್ನೊಬ್ಬನ ತೀರ್ಮಾನ. ಅದಕ್ಕೆ ಅದು ನನ್ನ ಕೈಗೆ ಎಟಕುವ ಕಡೆ ಇರಬೇಕು. ಹಾಗೇ ಇತ್ತು ಕೂಡ.

ಹಳೆಯ ಮುಂಬಯಿಕರರಿಗೆ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೆನಪಿರಬೇಕು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ. ಕೊನೆಯದಾಗಿ ನೋಂದಣಿಯಾದ ಕಾಳಿ-ಪೀಲಿ ಪದ್ಮಿನಿ 2003ರದ್ದು, 2023ರ ಅಕ್ಟೋಬರ್ ಕೊನೆಗೆ ಅದರ ಇಪ್ಪತ್ತು ವರ್ಷ ಮುಗಿದು ರಸ್ತೆಯಿಂದ ಇಳಿಯಿತು. ಅದಕ್ಕೆ ಮುಂದಿನ ಬಾಗಿಲಿನಲ್ಲಿ ಒಂದು ತ್ರಿಕೋನದ ಪುಟ್ಟ ಕಿಟಕಿ ಇರುತ್ತಿತ್ತು, ಅಂಬಾಸಿಡರಿಗೂ ಇತ್ತು. ಅದನ್ನು ತಿರುಗಿಸಿದರೆ ಓಡುವ ಗಾಳಿಯೇ ಮಡಿಚಿಕೊಂಡು ಒಳಗೆ ಬರುತ್ತಿತ್ತು. ಬೇಡವೆಂದರೆ ಮುಚ್ಚಿದರಾಯ್ತು. ನಾನು ಈ ಊರಿಗೆ ಬಂದ ಹೊಸತರಲ್ಲಿ, 1993ರಲ್ಲಿ, ದಾದರಿನಿಂದ ಟ್ಯಾಕ್ಸಿಯಲ್ಲಿ ಮುಂದೆ ಕೂತು ಆ ತ್ರಿಕೋನವನ್ನು ತಿರುಗಿಸುತ್ತ ದೊಡ್ಡ ಸಾಹೇಬನಾದೆ ಅಂದುಕೊಂಡಿದ್ದೆ :)

ಡ್ಯಾಶ್‌ಬೋರ್ಡಿನ ತಿರುಗಿಸುವ ವೆಂಟುಗಳಿಗೂ ಚರಿತ್ರೆ ಇದೆ. ಕಾರಿಗೆ ಮೊದಲು ಏಸಿ ಹಾಕಿ ಮಾರಿದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1940ರ ಮಾದರಿಯಲ್ಲಿ. ಅದರ ತಂಪಿನ ಯಂತ್ರ ಹಿಂದಿನ ಸೀಟಿನ ಬೆನ್ನಿಗಿತ್ತು. ಆರಿಸುವುದಕ್ಕೆ ಒಳಗೆ ಸ್ವಿಚ್ಚೇ ಇರಲಿಲ್ಲ! ಬೇಡವೆನಿಸಿದರೆ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕಳಚಬೇಕಿತ್ತು. ಅಲ್ಲಿಂದ ಶುರುವಾಗಿ, ಕೂತವನ ಕೈಗೆ ಗಾಳಿ ಬರಲು ಹಲವು ವರ್ಷ ಹಿಡಿಯಿತು. 1964ರಲ್ಲಿ ಬ್ರಿಟನ್ನಿನ ಫೋರ್ಡ್ ತನ್ನ ಕಾರ್ಟಿನಾ ಕಾರಿಗೆ 'ಏರೋಫ್ಲೋ' ಎಂಬ ವ್ಯವಸ್ಥೆ ತಂದಿತು. ಕಣ್ಣುಗುಡ್ಡೆಯ ಹಾಗೆ ತಿರುಗುವ ದುಂಡನೆಯ ವೆಂಟುಗಳು ಡ್ಯಾಶ್‌ಬೋರ್ಡಿನ ಎರಡು ತುದಿಯಲ್ಲಿ. ಒಳಗೆ ಬಂದ ಗಾಳಿ ಹೊರಗೆ ಹೋಗಲು ಹಿಂದಿನ ಕಂಬದಲ್ಲಿ ದಾರಿ. ಅಲ್ಪ ಬೆಲೆಯ ಜನಸಾಮಾನ್ಯರ ಗಾಡಿ ಅದು. ಅದರಲ್ಲೂ ಪ್ರತಿಯೊಬ್ಬನಿಗೆ ತನ್ನ ಗಾಳಿ ತನ್ನ ಕೈಯಲ್ಲಿ. ಈಗ ದುಬಾರಿ ಗಾಡಿಯಲ್ಲಿ ಗಾಳಿ ಬೇಡವಾದರೆ ಗಾಡಿ ನಿಲ್ಲಿಸಿ ಸರಿಮಾಡಬೇಕು. ಪ್ಯಾಕಾರ್ಡ್ ಕಾಲಕ್ಕೆ ವಾಪಸ್ ಬಂದೆವೋ ಇಲ್ಲವೋ ನೀವೇ ಹೇಳಿ!

ಹೊಸ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಟೆಸ್ಲಾ, 2017ರ ಮಾಡೆಲ್ 3 ಗಾಡಿಯಿಂದ. ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ 2025ರ ಜುಲೈನಲ್ಲಿ ಅವರ ಅಂಗಡಿಯೂ ತೆರೆಯಿತು. ಪೋರ್ಶೆಯ ಟೈಕಾನ್, ಅಮೆರಿಕದ ರಿವಿಯನ್ ಇವೂ ಅದೇ ದಾರಿ ಹಿಡಿದವು (ನಮ್ಮ ಭಾವನ ಗಾಡಿ ಇವುಗಳಲ್ಲಿ ಯಾವುದೂ ಅಲ್ಲ). ತಾಂತ್ರಿಕವಾಗಿ ಜಾಣತನವೇ. ಟೆಸ್ಲಾದಲ್ಲಿ ಒಂದು ಗಾಳಿಯ ಹರಿವನ್ನು ಇನ್ನೊಂದು ಹರಿವಿನಿಂದ ತಳ್ಳಿ ಮೇಲೆ ಕೆಳಗೆ ಮಾಡುತ್ತಾರೆ, ಜಾಲರಿ ಕಣ್ಣಿಗೇ ಕಾಣುವುದಿಲ್ಲ. ನೋಡಲು ಚೆಂದ. ಆದರೆ ಸ್ವಾಮಿ, ಕಾರಿನೊಳಗೆ ನಾವು ಇರುವುದು ಡ್ಯಾಶ್‌ಬೋರ್ಡ್ ನೋಡುವುದಕ್ಕಲ್ಲವಲ್ಲ.

ನನ್ನ ಮೊದಲ ಆಕ್ಷೇಪ ಕಣ್ಣಿನದು. ಹಿಡಿಕೆಯನ್ನು ಕೈ ಹುಡುಕಿಕೊಳ್ಳುತ್ತದೆ, ಕಣ್ಣು ಬೇಡ. ಗಾಳಿ ಚರ್ಮಕ್ಕೆ ತಾಕುತ್ತಿರುತ್ತದೆ, ತಿರುಗಿಸಿದ್ದು ಸಾಕೋ ಬೇಕೋ ಚರ್ಮವೇ ಹೇಳುತ್ತದೆ. ಗಾಜಿನ ಸ್ಕ್ರೀನಿನ ಮೇಲೆ ಉಬ್ಬಿಲ್ಲ ತಗ್ಗಿಲ್ಲ, ನೋಡದೆ ಮುಟ್ಟಲಾಗುವುದಿಲ್ಲ. ಸ್ವೀಡನ್ನಿನ 'ವಿ ಬಿಲೆಗಾರೆ' ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಹಳೆಯ ವಿಮಾನ ನಿಲ್ದಾಣದಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸುತ್ತ ಏಸಿ, ರೇಡಿಯೋ ಇತ್ಯಾದಿ ನಾಲ್ಕು ಬಗೆಯ ಕೆಲಸ ಮಾಡಬೇಕು. ಬರೀ ಗುಂಡಿಗಳಿದ್ದ 2005ರ ಹಳೇ ವೋಲ್ವೋದಲ್ಲಿ ಎಲ್ಲ ಮುಗಿಯಲು ಹಿಡಿದದ್ದು 10 ಸೆಕೆಂಡ್, ಗಾಡಿ ಓಡಿದ್ದು 306 ಮೀಟರ್. ಹೊಸ ಟಚ್‌ಸ್ಕ್ರೀನ್ ಗಾಡಿಗಳಲ್ಲಿ ಕೊನೆಯ ಸ್ಥಾನದ್ದಕ್ಕೆ ಹಿಡಿದದ್ದು 44.9 ಸೆಕೆಂಡ್, 1,372 ಮೀಟರ್! ಅದರಲ್ಲಿ ವೆಂಟು ತಿರುಗಿಸುವ ಪರೀಕ್ಷೆ ಇರಲಿಲ್ಲ, ಒಪ್ಪುತ್ತೇನೆ. ಆದರೆ ರೋಗ ಒಂದೇ.

ಸ್ಕ್ರೀನು ತಂದ ಗೊಂದಲಕ್ಕೆ ಜೀವ ಹೋದ ಉದಾಹರಣೆಯೂ ಇದೆ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ 'ಜಾನ್ ಎಸ್. ಮೆಕೇನ್' ಯುದ್ಧನೌಕೆ ಒಂದು ತೈಲ ಹಡಗಿಗೆ ಡಿಕ್ಕಿಯಾಯಿತು. 10 ನಾವಿಕರು ಸತ್ತರು. ಚುಕ್ಕಾಣಿ, ವೇಗ ಎರಡನ್ನೂ ಟಚ್‌ಸ್ಕ್ರೀನಿನಲ್ಲಿ ಇಟ್ಟಿದ್ದರು. ಯಾವುದರ ಹತೋಟಿ ಯಾರ ಬಳಿ ಇದೆ ಎಂಬುದೇ ಆ ಹೊತ್ತಿನಲ್ಲಿ ತಿಳಿಯಲಿಲ್ಲ, ತರಬೇತಿಯೂ ಸಾಲದಾಗಿತ್ತು. ತನಿಖೆಯಾದ ಮೇಲೆ 2019ರಲ್ಲಿ ಅಮೆರಿಕದ ನೌಕಾಪಡೆ ಸ್ಕ್ರೀನು ತೆಗೆದು ಕೈಯಿಂದ ತಳ್ಳುವ ಹಿಡಿಕೆಗಳನ್ನೇ ವಾಪಸ್ ತರುವುದಾಗಿ ಹೇಳಿತು. ಅಷ್ಟು ದೊಡ್ಡ ಸೈನ್ಯಕ್ಕೆ ಹಿಡಿಕೆ ಬೇಕಂತೆ, ನಮಗೆ ಬೇಡವಂತೆ!

ಎರಡನೆಯ ಆಕ್ಷೇಪ ಹಕ್ಕಿನದು. ನನಗೆ ಇದೇ ಮುಖ್ಯ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಆಪರೇಷನ್ ಹೇಗೆ?" 'ಐದರ್ ಆರ್ ಸರ್ವೈವರ್' ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು. 'ಫಾರ್ಮರ್ ಆರ್ ಸರ್ವೈವರ್' ಅಂದರೆ ಮೊದಲ ಹೆಸರಿನವರು ಇರುವವರೆಗೂ ಎರಡನೆಯವರು ಮುಟ್ಟುವಂತಿಲ್ಲ, ಹೆಸರಿಗೆ ಮಾತ್ರ ಖಾತೆದಾರರು. ಹಳೆಯ ವೆಂಟಿಗೆ ಇದು ಯಾವುದೂ ಬೇಕಿರಲಿಲ್ಲ, ಪ್ರತಿಯೊಬ್ಬರಿಗೂ ಅವರವರ ಸ್ವಂತ ಖಾತೆ. ಈ ಸ್ಕ್ರೀನು ಬಂದು ಇಡೀ ಗಾಡಿಯನ್ನು ಫಾರ್ಮರ್ ಆರ್ ಸರ್ವೈವರ್ ಮಾಡಿಬಿಟ್ಟಿತು. ಮೊದಲ ಹೆಸರು ಚಾಲಕನದ್ದು. ಉಳಿದವರು ಅವನನ್ನು ಕೇಳಬೇಕು.

"ಪಕ್ಕದಲ್ಲಿ ಕೂತವರೇ ಸ್ಕ್ರೀನ್ ಮುಟ್ಟಬಹುದಲ್ಲ" ಅನ್ನುತ್ತೀರಿ. ಮುಟ್ಟಬಹುದು. ಮೂರು ಪುಟ ದಾಟಿ, ಇಂಗ್ಲಿಷ್ ಓದಿ, ಬೇರೆಯವರ ಹೊಸ ಗಾಡಿಯಲ್ಲಿ ಏನೋ ಒತ್ತಿ ಏನೋ ಆದೀತೆಂಬ ಹೆದರಿಕೆಯಲ್ಲಿ ಎಷ್ಟು ಜನ ಅಮ್ಮಂದಿರು, ಅತ್ತೆಯಂದಿರು ಮುಟ್ಟುತ್ತಾರೆ? ಅವರು ಸುಮ್ಮನೆ ಸೆರಗು ಹೊದೆಯುತ್ತಾರೆ. "ಚಳಿ ಆಗುತ್ತಾ ಅಮ್ಮ?" ಅಂದರೆ "ಇಲ್ಲಪ್ಪ" ಅನ್ನುತ್ತಾರೆ. ಹಿಂದಿನ ಸೀಟಿನವರಿಗಂತೂ ಕೈಯೇ ಎಟಕುವುದಿಲ್ಲ. ವಿಮಾನದಲ್ಲಿ ನೋಡಿ. ನಮ್ಮ ದೇಶದೊಳಗೆ ಹಾರುವ ಬಹುಪಾಲು ವಿಮಾನಗಳಲ್ಲಿ ಅತ್ಯಂತ ಅಗ್ಗದ ಟಿಕೆಟಿನವನ ತಲೆಯ ಮೇಲೂ ಒಂದು ತಿರುಗಣೆ ಇರುತ್ತದೆ. ಪೈಲಟ್ಟನ್ನು ಕೇಳಬೇಕಾಗಿಲ್ಲ!

"ಬಾಯಲ್ಲಿ ಹೇಳಿದರೂ ಕೇಳುತ್ತದೆ" ಎಂಬುದು ಇನ್ನೊಂದು ವಾದ. ಭಾವನೂ ಅದನ್ನೇ ಹೇಳಿದ. ನಾನು ಅವನಿಗೆ ಒಂದೇ ಮಾತು ಕೇಳಿದೆ. "ನಿನ್ನ ಅಕ್ಕನಿಗೆ ನೋವು ಎದ್ದಾಗ ಬಾಯಿ ಬಿಟ್ಟರೆ ನೋವು ಇನ್ನೂ ಹೆಚ್ಚುತ್ತದೆ. ಆಗ ಯಾರು ಹೇಳುವುದು?" ಅವನು ಉತ್ತರ ಕೊಡಲಿಲ್ಲ. ಪಾರ್ಶ್ವವಾಯು ಆಗಿ ಮಾತು ತೊದಲುವವರಿದ್ದಾರೆ, ಮಾತು ಬಾರದ ಮಕ್ಕಳಿದ್ದಾರೆ. ಕೈಯಿಂದ ತಳ್ಳುವುದಕ್ಕೆ ಯಾವ ಭಾಷೆಯೂ ಬೇಡ.

ಮೂರನೆಯದು ದುಡ್ಡಿನ ಲೆಕ್ಕ. ಇಲ್ಲಿ ನಾನು ಸುಮ್ಮನಿರುವುದು ಸಾಧ್ಯವೇ ಇಲ್ಲ. ಹಿಡಿಕೆಯ ವೆಂಟು ಅಂದರೆ ನಾಲ್ಕಾರು ಪ್ಲಾಸ್ಟಿಕ್ ಪಟ್ಟಿ, ಅವನ್ನು ಒಟ್ಟಿಗೆ ತಿರುಗಿಸುವ ಒಂದು ಕಡ್ಡಿ, ನಿಂತಲ್ಲೇ ನಿಲ್ಲಲು ಸ್ವಲ್ಪ ಬಿಗಿ. ವೈರಿಲ್ಲ, ಮೋಟರಿಲ್ಲ. ಒಂದು ಮುರಿದರೆ ಅದೊಂದೇ ಮುರಿಯಿತು, ಉಳಿದ ಮೂರು ಕೆಲಸ ಮಾಡುತ್ತವೆ. ಮೋಟರಿನ ವೆಂಟಿಗೆ ಮೋಟರು, ಹಲ್ಲುಚಕ್ರ, ವೈರು, ಸಾಫ್ಟ್‌ವೇರು ಎಲ್ಲ ಬೇಕು. ಇವು ಕೂತಿರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಡ್ಯಾಶ್‌ಬೋರ್ಡಿನ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಕೇಳಿದವರಿಗೆ ಗೊತ್ತು, ಅದು ಹಲ್ಲು ಸವೆದ ಮೋಟರಿನ ಅಳು. ಎಷ್ಟೋ ಗಾಡಿಗಳಲ್ಲಿ ಮೋಟರು ಸಣ್ಣದು, ಬಿಚ್ಚುವ ಕೂಲಿ ದೊಡ್ಡದು. ವಾರಂಟಿ ಮುಗಿದ ಮೇಲೆ ಈ ಖರ್ಚು ಯಾರ ಪುಸ್ತಕಕ್ಕೆ ಬೀಳುತ್ತದೆ? ನಿಮ್ಮದಕ್ಕೆ.

ಇನ್ನೊಂದು ಸಂಶಯವೂ ಇದೆ. ಯಾವುದು ಸಾಫ್ಟ್‌ವೇರಿನ ಕೈಗೆ ಹೋಯಿತೋ ಅದಕ್ಕೆ ನಾಳೆ ಬಾಡಿಗೆ ಕೇಳಬಹುದು. ಉತ್ಪ್ರೇಕ್ಷೆ ಅನ್ನಬೇಡಿ. 2022ರಲ್ಲಿ ಬಿಎಂಡಬ್ಲ್ಯು ಕಂಪನಿ ಕೆಲವು ದೇಶಗಳಲ್ಲಿ ಗಾಡಿಯಲ್ಲಿ ಆಗಲೇ ಇದ್ದ ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ತಿಂಗಳ ಚಂದಾ ಇಟ್ಟಿತ್ತು. ಜನ ಛೀಮಾರಿ ಹಾಕಿದ ಮೇಲೆ 2023ರಲ್ಲಿ ಕೈಬಿಟ್ಟಿತು. ಪ್ಲಾಸ್ಟಿಕ್ ಹಿಡಿಕೆಗೆ ಯಾರೂ ಚಂದಾ ಕೇಳಲಾರರು.

ಇನ್ನು ನಮ್ಮ ಮಳೆಗಾಲ. ಜುಲೈ ತಿಂಗಳಲ್ಲಿ ಘೋಡಬಂದರ್ ರಸ್ತೆಯಲ್ಲಿ ಸಂಜೆ ಏಳಕ್ಕೆ ಗಾಡಿ ಓಡಿಸಿದವರಿಗೆ ಗಾಜು ಮಂಜಾಗುವುದು ಅಂದರೇನು ಅಂತ ಗೊತ್ತು. ಅದರಲ್ಲೂ ಎರಡು ಥರ. ಬೆರಳಿನಿಂದ ಒಳಗಡೆ ಒರೆಸಿದರೆ ಹೋಯಿತೋ, ಅದು ನಮ್ಮ ಉಸಿರಿನ ತೇವ. ಏಸಿ ಹಾಕಿ, ಹೊರಗಿನ ಗಾಳಿ ಬಿಟ್ಟುಕೊಂಡು, ಗಾಜಿಗೆ ಹಾಯಿಸಬೇಕು. ಒಳಗೆ ಒರೆಸಿದರೂ ಹೋಗದಿದ್ದರೆ ಅದು ಹೊರಗಿನ ಮಂಜು. ಏಸಿಯಿಂದ ಗಾಜು ಅತಿ ತಣ್ಣಗಾಗಿ ಹೊರಗಿನ ತೇವ ಅದರ ಮೇಲೆ ಕೂತಿದೆ. ಆಗ ವೈಪರ್ ಹಾಕಿ, ತಣ್ಣನೆ ಗಾಳಿಯನ್ನು ಗಾಜಿನಿಂದ ತಪ್ಪಿಸಬೇಕು. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ಕೆಲಸ ಕೆಡುತ್ತದೆ. ಪಕ್ಕದ ಗಾಜು ಮಂಜಾಗಿ ಕನ್ನಡಿ ಕಾಣದಿದ್ದರೆ ಡ್ಯಾಶ್‌ಬೋರ್ಡಿನ ತುದಿಯ ವೆಂಟನ್ನು ಗಾಜಿನ ಕಡೆ ತಿರುಗಿಸಿದರಾಯ್ತು, ಸ್ವಲ್ಪ ಹೊತ್ತಿಗೆ ದಾರಿ ಕಾಣುತ್ತದೆ. ಎಷ್ಟೋ ಸಲ ಹೀಗೆ ಕೈ ತಾನಾಗಿ ಹೋಗಿ ಮಾಡಿದ್ದುಂಟು. ಎದುರಿಗೆ ಏನೂ ಕಾಣದ ಆ ಹೊತ್ತಿನಲ್ಲೇ ಸ್ಕ್ರೀನ್ ನೋಡು ಅನ್ನುವುದು ಯಾವ ನ್ಯಾಯ?

ಎದುರು ಪಕ್ಷದ ಮಾತನ್ನೂ ಕೇಳಬೇಕು, ಇಲ್ಲದಿದ್ದರೆ ಪಂಚಾಯ್ತಿ ಆಗುವುದಿಲ್ಲ. "ಡಿಗ್ರಿ ಹೇಳಿ ಬಿಟ್ಟುಬಿಡಿ, ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ" ಅನ್ನುತ್ತಾರೆ. ಯಂತ್ರಕ್ಕೆ ಗಾಡಿಯ ಒಳಗಿನ ಬಿಸಿ ಗೊತ್ತು, ಬಿಸಿಲು ಎಷ್ಟಿದೆ ಗೊತ್ತು. ನನ್ನ ಹೆಂಡತಿಯ ಕೆನ್ನೆ ಗೊತ್ತಿಲ್ಲ. 24 ಡಿಗ್ರಿ ಇಬ್ಬರಿಗೂ ಸರಿಯಾಗಬಹುದು, ಮುಖಕ್ಕೆ ಬಡಿಯುವ 24 ಡಿಗ್ರಿ ಒಬ್ಬರಿಗೆ ಸರಿಯಾಗದೆ ಇರಬಹುದು. ಇನ್ನು, ಕೈ ಚಾಚಲಾಗದವರಿಗೆ ಬೇರೆಯವರು ಸ್ಕ್ರೀನಿನಿಂದ ಗಾಳಿ ತಿರುಗಿಸಿ ಕೊಡಬಹುದು, ಚಾಲಕ ಬದಲಾದಾಗ ಅವರವರ ಅಭ್ಯಾಸ ನೆನಪಿಟ್ಟುಕೊಳ್ಳಬಹುದು, ಇವು ನಿಜವಾದ ಉಪಯೋಗಗಳೇ. ಹಾಗಿದ್ದರೆ ಎರಡೂ ಇಡಿ. ಮೋಟರೂ ಇರಲಿ, ಹಿಡಿಕೆಯೂ ಇರಲಿ. ಯಾರು ಬೇಡ ಅಂದವರು?

ನಾನು ಕಂಪ್ಯೂಟರ್ ವಿರೋಧಿ ಅಂತಲೂ ತಿಳಿಯಬೇಡಿ. ದಪ್ಪ ದಪ್ಪ ಲೆಡ್ಜರುಗಳಲ್ಲಿ ರಾತ್ರಿ ಎಂಟರವರೆಗೆ ಬಡ್ಡಿ ಲೆಕ್ಕ ಹಾಕಿದವನು. ಕಂಪ್ಯೂಟರ್ ಬಂದಾಗ ಶಾಖೆಯಲ್ಲಿ ಮೊದಲು ಕಲಿತವರಲ್ಲಿ ನಾನೂ ಒಬ್ಬ. ಬಡ್ಡಿ ಲೆಕ್ಕ ಯಂತ್ರಕ್ಕೆ ಹೋಯಿತು, ಒಳ್ಳೆಯದಾಯಿತು. ಆದರೆ ನಗದು ಇಡುವ ಸೇಫಿಗೆ ಇವತ್ತಿಗೂ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಕೈಯಲ್ಲಿ. ಅದನ್ನು ಹಳೇ ಕಾಲದ್ದು ಅಂತ ಯಾರೂ ಬಿಸಾಡಲಿಲ್ಲ. ಯಾವುದನ್ನು ಯಂತ್ರಕ್ಕೆ ಕೊಡಬೇಕು, ಯಾವುದನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು ಎಂಬ ವಿವೇಕ ಬೇಕು ಅನ್ನುವುದಷ್ಟೇ ನನ್ನ ಮಾತು.

ಹೊರದೇಶದಲ್ಲಿ ಗಾಳಿ ತಿರುಗುತ್ತಿದೆ ಅನ್ನಿ. ಫೋಕ್ಸ್‌ವ್ಯಾಗನ್ನಿನ ವಿನ್ಯಾಸ ಮುಖ್ಯಸ್ಥರು 2025ರಲ್ಲಿ ಧ್ವನಿ, ಎರಡು ಬದಿಯ ಬಿಸಿ, ಫ್ಯಾನು, ಅಪಾಯದ ದೀಪ ಇವಕ್ಕೆ ನಿಜವಾದ ಗುಂಡಿ ವಾಪಸ್ ಬರುತ್ತದೆ ಎಂದರು. ಯುರೋಪಿನ ಸುರಕ್ಷತಾ ಪರೀಕ್ಷೆ ಮಾಡುವ ಯುರೋ ಎನ್‌ಕ್ಯಾಪ್ 2026ರಿಂದ ಪೂರ್ತಿ ಅಂಕ ಬೇಕಾದರೆ ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ಗುಂಡಿ ಇರಲಿ ಎಂದಿತು. ಸಂತೋಷ. ಆದರೆ ಆ ಪಟ್ಟಿಯಲ್ಲಿ ಗಾಳಿಯ ವೆಂಟು ಇಲ್ಲ. ಅದು ಸುರಕ್ಷತೆಯ ವಿಷಯವಲ್ಲ, ಬರೀ ಸುಖದ ವಿಷಯ ಅಂದುಕೊಂಡಿರಬೇಕು. ಆ ಟ್ಯಾಂಕರಿನ ಬೆನ್ನನ್ನು ನೋಡಿದ ಮೇಲೆ ನಾನು ಒಪ್ಪಲಾರೆ.

ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ಕೊಳ್ಳುವವರು ನಾವು, ಸಾಲ ಕೊಡುವ ಜಾತಿಯವನೂ ನಾನು, ಅದಕ್ಕೆ ಹೇಳುತ್ತೇನೆ. ಶೋರೂಮಿಗೆ ಹೋದಾಗ ಸನ್‌ರೂಫ್ ನೋಡುವ ಮೊದಲು ಮನೆಯ ಹಿರಿಯರೊಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಏಸಿ ಜೋರಾಗಿ ಹಾಕಿಸಿ. "ಅಮ್ಮ, ಕಣ್ಣು ಮುಚ್ಚಿಕೊಂಡು ಗಾಳಿ ಆಚೆ ತಿರುಗಿಸು" ಅನ್ನಿ. ಆಮೇಲೆ ಹಿಂದಿನ ಸೀಟಿನಲ್ಲಿ ಕೂರಿಸಿ ಅದನ್ನೇ ಹೇಳಿ. ತಿರುಗಿಸಲು ಬಂದರೆ ಗಾಡಿ ಕೊಳ್ಳಿ. ಬರದಿದ್ದರೆ ಮಾರುವ ಹುಡುಗನಿಗೆ ಕಾರಣ ಹೇಳಿಯೇ ಎದ್ದು ಬನ್ನಿ. ಕಾರಣ ಹೇಳದೆ ಬಂದರೆ ಅವರು ಬಣ್ಣ ಇಷ್ಟವಾಗಲಿಲ್ಲ ಅಂದುಕೊಳ್ಳುತ್ತಾರೆ.

ಪುಣೆಯಿಂದ ವಾಪಸ್ ಬರುವಾಗ ಇವಳು ಹಿಂದೆ ಕೂತಳು, ಮೂರು ಗಂಟೆ ಮುಖ ಮುಚ್ಚಿಕೊಂಡೇ ಬಂದಳು. ಮರುವಾರ ನಮ್ಮ 2014ರ ವ್ಯಾಗನ್-ಆರ್ ಗಾಡಿಯಲ್ಲಿ ಡಾಕ್ಟರ ಬಳಿ ಹೊರಟೆವು. ಕೂತ ತಕ್ಷಣ ಎಡ ತುದಿಯ ವೆಂಟನ್ನು ಕಿಟಕಿಯ ಕಡೆ ತಿರುಗಿಸಿದಳು, ನಡುವಿನದ್ದನ್ನು ನನ್ನ ಕಡೆ. ನನ್ನನ್ನು ಕೇಳಲಿಲ್ಲ, ಅಷ್ಟು ಹೊತ್ತು ಮಾತೂ ಆಡಲಿಲ್ಲ. ಮುಲುಂಡ್ ಚೆಕ್‌ನಾಕಾ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಹೇಳಿದೆ, "ಸೊಸೈಟಿಯಲ್ಲಿ ಎಲ್ಲರೂ ಕೇಳ್ತಾರೆ, ಈ ಡಬ್ಬಾ ಯಾವಾಗ ಮಾರ್ತೀರಿ ಅಂತ." ಅವಳು ಬಾಯಿ ತೆರೆಯದೆ, ಆ ವೆಂಟಿನ ಹಿಡಿಕೆಯ ಮೇಲೆ ಬೆರಳಿಟ್ಟು, ಇಲ್ಲ ಅಂತ ತಲೆಯಾಡಿಸಿದಳು.

ಮಾರುವುದಿಲ್ಲ. ನೀವೇನಂತೀರಿ?